ಉಪ್ಪು ನೀರೊಡೆದಂತೆ ಮೋಡ

ಆಷಾಢದಲ್ಲಿ ಶಿರಸಿ ಕಡೆಯ ಯಾವ ಅಡುಗೆಮನೆಗೆ ಹೋದರೂ ಉಪ್ಪು ನೀರೊಡೆದಿರುತ್ತದೆ. ಮುಚ್ಚಿಟ್ಟರೂ ಅಷ್ಟೇ. ಹರಳುಪ್ಪು ಗಾಳಿಯಲ್ಲಿನ ತೇವ ಎಳೆದುಕೊಂಡು ಒದ್ದೆಯಾಗುತ್ತದೆ. ಕಾರವಾರದ ಕಡಲ ಮೇಲೆ ಮೋಡ ಕಟ್ಟುವುದೂ ಹೆಚ್ಚುಕಮ್ಮಿ ಹೀಗೆಯೇ.

ಆವಿ ತಣ್ಣಗಾದರೆ ಮೋಡ ಅಂತ ಶಾಲೆಯಲ್ಲಿ ಓದಿದ್ದೇವೆ, ಅಲ್ವಾ? ಅದು ಅರ್ಧ ಕತೆ. ಆವಿಗೆ ಕೂರಲು ಕಣ ಬೇಕು. ಗಾಳಿ ಸಾಮಾನ್ಯವಾಗಿ ಹಿಡಿಯುವಷ್ಟು ಆವಿ ತುಂಬಿದ್ದರೆ ತೇವಾಂಶ ಶೇಕಡಾ 100 ಅನ್ನುತ್ತಾರೆ. ಒಂದೂ ಕಣವಿಲ್ಲದ ಗಾಳಿಯಲ್ಲಿ ಅದು ಶೇಕಡಾ 400ರ ಆಸುಪಾಸಿಗೆ ಏರುವವರೆಗೂ ಹನಿ ಕಟ್ಟುವುದಿಲ್ಲ. ಕಣವಿದ್ದರೆ 100 ದಾಟಿದ ಕೂಡಲೇ ಕೆಲಸ ಶುರು. ಹಾಗೆ ಹುಟ್ಟುವ ಮೋಡದ ಹನಿಯ ಅಗಲ ಸುಮಾರು 0.02 ಮಿಲಿಮೀಟರ್. ಅಂಥ ಹತ್ತು ಲಕ್ಷ ಹನಿ ಸೇರಿದರೆ ಒಂದು ಮಳೆಹನಿ.

ಕಣ ಕೊಡುವುದರಲ್ಲಿ ಕಡಲಿಗೆ ಜಿಪುಣತನವಿಲ್ಲ. ಅಲೆ ಒಡೆದಾಗ ನೊರೆಯ ಗುಳ್ಳೆಗಳು ಸಿಡಿದು ಉಪ್ಪುನೀರಿನ ತುಂತುರು ಹಾರುತ್ತದೆ. ನೀರು ಆರಿ ಉಪ್ಪು ಗಾಳಿಯಲ್ಲೇ ಉಳಿಯುತ್ತದೆ.

ಇನ್ನೊಂದು ದಾರಿ ವಿಚಿತ್ರವಾದದ್ದು. ಕಡಲಿಗೊಂದು ವಾಸನೆ ಇದೆ. ಒಣಮೀನಿನದ್ದನ್ನು ಬಿಟ್ಟು ಹೇಳುತ್ತಿದ್ದೇನೆ! ಅದರಲ್ಲಿ ಒಂದು ಪಾಲು ಡೈಮೀಥೈಲ್ ಸಲ್ಫೈಡ್ ಎಂಬ ಅನಿಲದ್ದು. ನೀರಲ್ಲಿ ತೇಲುವ, ಕಣ್ಣಿಗೆ ಕಾಣದ ಸಸ್ಯ ಪ್ಲಾಂಕ್ಟನ್‌ಗಳಿಂದ ಅದು ಬರುತ್ತದೆ. ನಮ್ಮ ತಾರ್ಲೆ ಮೀನಿನ ಊಟವೂ ಈ ಪ್ಲಾಂಕ್ಟನ್ನೇ. ಮಳೆಗಾಲದಲ್ಲಿ ಆಳದ ತಣ್ಣೀರು ಗೊಬ್ಬರ ಹೊತ್ತು ಮೇಲೆ ಬರುವುದರಿಂದ ಈ ಕರಾವಳಿಯಲ್ಲಿ ಅವು ಜಾಸ್ತಿಯಾಗುತ್ತವೆ. ಅನಿಲ ಗಾಳಿಗೆ ಸೇರಿ, ಬದಲಾಗಿ, ಗಂಧಕದ ಸಣ್ಣ ಕಣವಾಗುತ್ತದೆ.

1987ರಲ್ಲಿ ವಿಜ್ಞಾನಿ ಜೇಮ್ಸ್ ಲವ್‌ಲಾಕ್ ಮತ್ತು ಮೂವರು ಸಂಗಡಿಗರು ಇಲ್ಲಿಂದ ದೊಡ್ಡ ಜಿಗಿತವನ್ನೇ ಹಾರಿದರು. ಕಡಲು ಬಿಸಿಯಾದರೆ ಪ್ಲಾಂಕ್ಟನ್ ಹೆಚ್ಚು ಅನಿಲ ಬಿಡುತ್ತದೆ, ಮೋಡ ಬೆಳ್ಳಗಾಗಿ ಬಿಸಿಲನ್ನು ತಿರುಗಿಸುತ್ತದೆ, ಕಡಲು ತಣಿಯುತ್ತದೆ ಎಂದರು. ಜೀವಿಗಳೇ ತಮಗೆ ಕೊಡೆ ಹಿಡಿದಂತೆ. ನನಗೂ ಈ ಕತೆ ಬಲು ಇಷ್ಟ. ಆದರೆ 2011ರ ಹೊತ್ತಿಗೆ ಪೆಟ್ಟು ಬಿತ್ತು. ಕಡಲ ಮೇಲಿನ ಕಣಗಳಿಗೆ ಉಪ್ಪು, ನೊರೆಯ ಜಿಡ್ಡು ಹೀಗೆ ಹಲವು ಮೂಲಗಳಿವೆ, ಲೆಕ್ಕ ಅಷ್ಟು ಸಲೀಸಲ್ಲ ಎಂದು ಸಂಶೋಧಕರು ತೋರಿಸಿದರು. ಅನಿಲ ಕಣವಾಗುವುದು ನಿಜ. ಕೊಡೆಯ ಮಾತು ಮಾತ್ರ ಅನುಮಾನ.

ಕಣ ಜಾಸ್ತಿಯಾದರೆ ಮಳೆಯೂ ಜಾಸ್ತಿ ಅಂತಲ್ಲ. ಚಳಿಗಾಲದಲ್ಲಿ ನೆಲದ ಕಡೆಯಿಂದ ಹೊಗೆ, ದೂಳು ಬರುತ್ತದೆ. ಅಷ್ಟೇ ನೀರನ್ನು ನೂರಾರು ಪಾಲುದಾರರು ಹಂಚಿಕೊಂಡಂತೆ ಹನಿಗಳು ಸಣ್ಣದಾಗಿ, ಬೀಳದೆ ತೇಲುತ್ತವೆ. ಮಳೆಗಾಲದ ಬಿರುಗಾಳಿ ಎಬ್ಬಿಸುವ ದಪ್ಪ ಉಪ್ಪಿನ ಕಣದ ರೀತಿಯೇ ಬೇರೆ. ಅದರ ಹನಿ ಬೇಗ ದೊಡ್ಡದಾಗಿ, ಬೀಳುವಾಗ ಚಿಕ್ಕವನ್ನೂ ನುಂಗುತ್ತದೆ. ಆ ಮೋಡ ದೇವಿಮನೆ ಘಟ್ಟ ಹತ್ತಿ ಶಿರಸಿಯ ಅಂಗಳದಲ್ಲಿ ಸುರಿದಾಗ ನೀರಿನ ಜೊತೆ ಚೂರು ಕಡಲುಪ್ಪೂ ಇಳಿದಿರುತ್ತದೆ. ನಾಲಿಗೆಗೆ ಗೊತ್ತಾಗುವಷ್ಟಲ್ಲ, ಬಿಡಿ.