ವೆಲ್‌ಕಮ್ ಅಂತ ತಿರುಗುತ್ತಲೇ ಇದ್ದರೆ ಅದು ಯಾರನ್ನೋ ಕಾಯ್ತಾ ಇದೆ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಫೋನ್ ಬಂತು. "ಸರ್, ಪಾಸ್‌ವರ್ಡ್ ಹಾಕಿ, ಕ್ಯಾಂಟೀನಿಗೆ ಹೋಗಿ ಬನ್ಸ್ ತಿಂದು ಬಂದ್ರೂ ಇನ್ನೂ ವೆಲ್‌ಕಮ್ ಅಂತಲೇ ಉಂಟು ಮಾರಾಯ್ರೆ."

ಮಂಗಳೂರಿನ ಒಂದು ಸಹಕಾರಿ ಸಂಘ. ಉಡುಪಿ, ಕುಂದಾಪುರದಲ್ಲೂ ಶಾಖೆಗಳಿವೆ. ಹಿಂದಿನ ಶನಿವಾರ, ಭಾನುವಾರ ಕೂತು ಅವರ ಐಟಿ ಹುಡುಗ ಆಕ್ಟಿವ್ ಡೈರೆಕ್ಟರಿಯನ್ನು (ಕಚೇರಿಯ ಎಲ್ಲರ ಲಾಗಿನ್, ಪಾಸ್‌ವರ್ಡ್, ಕಂಪ್ಯೂಟರ್‌ಗಳ ಲೆಕ್ಕ ಇಡುವ ವಿಂಡೋಸ್ ವ್ಯವಸ್ಥೆ) ಹಳೇ ಸರ್ವರ್‌ನಿಂದ ಹೊಸದಕ್ಕೆ ದಾಟಿಸಿದ್ದ. ಹೊಸ ಸರ್ವರ್‌ಗೆ ಮೆಮೊರಿ ಸಾಲದು ಅಂತ ಮ್ಯಾನೇಜರ್‌ಗೆ ಆಗಲೇ ಯಾರೋ ಹೇಳಿಯಾಗಿತ್ತು, ಕೊಟೇಶನ್ ಕೂಡ ಮೇಜಿನ ಮೇಲಿತ್ತು. ಅರವತ್ತು ಜನ ಲಾಗಿನ್ ಆಗೋದು ಈಗಿನ ಯಾವ ಸರ್ವರ್‌ಗೂ ಒಂದು ಕೆಲಸವೇ ಅಲ್ಲ. ಆ ಕೊಟೇಶನ್ ಸ್ವಲ್ಪ ಆಚೆ ಇಡಿ ಅಂದೆ.

ಇಂಥ ಕಡೆ ಹೋದ ಕೂಡಲೇ ನಾನು ಮಾಡೋದು ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ತೆಗೆಯೋದು. ಒಂದೇ ಕಂಪ್ಯೂಟರಲ್ಲಿ ಮೂರು ಸಲ ಲಾಗಿನ್ ಆಗಿ ನೋಡಿ. ಲೋಡ್ ಜಾಸ್ತಿಯಾಗಿ ನಿಧಾನ ಆಗಿದ್ದರೆ ಮೂರು ಸಲಕ್ಕೂ ಲೆಕ್ಕ ಬೇರೆ ಬೇರೆ ಬರುತ್ತೆ. ಪ್ರತಿ ಸಲ ಹೆಚ್ಚುಕಮ್ಮಿ ಅಷ್ಟೇ ಸೆಕೆಂಡ್ ಬಂದರೆ ಅದು ಬಹುಮಟ್ಟಿಗೆ ಟೈಮ್‌ಔಟ್, ಅಂದರೆ ಕಂಪ್ಯೂಟರ್ ಯಾರನ್ನೋ ಕರೆದು, ಉತ್ತರ ಬಾರದೆ, ಕಾದು ಕಾದು ಮುಂದೆ ಹೋಗ್ತಾ ಇದೆ. ಇಲ್ಲಿ ಮೂರು ಸಲವೂ ಎರಡು ಮುಕ್ಕಾಲು ನಿಮಿಷದ ಹತ್ತಿರ ಬಂತು. ಆಮೇಲೆ ನೆಟ್‌ವರ್ಕ್ ಕೇಬಲ್ ಕಿತ್ತು ಲಾಗಿನ್ ಮಾಡಿದೆ. ಇಪ್ಪತ್ತೇ ಸೆಕೆಂಡಲ್ಲಿ ಡೆಸ್ಕ್‌ಟಾಪ್! (ಮೊದಲು ಲಾಗಿನ್ ಆದವರ ಗುರುತನ್ನು ವಿಂಡೋಸ್ ನೆನಪಿಟ್ಟುಕೊಂಡಿರುತ್ತೆ, ಮಾಮೂಲಿ ಸೆಟ್ಟಿಂಗ್‌ನಲ್ಲಿ 10 ಜನರದ್ದು, ಹಾಗಾಗಿ ಸರ್ವರ್ ಸಿಗದಿದ್ದರೂ ಒಳಗೆ ಬಿಡುತ್ತೆ.) ಕಂಪ್ಯೂಟರಿನ ಡಿಸ್ಕ್ ಆಗಲಿ ಆಂಟಿವೈರಸ್ ಆಗಲಿ ತಪ್ಪಿತಸ್ಥರಲ್ಲ ಅಂತ ಅಲ್ಲಿಗೆ ಖಾತ್ರಿಯಾಯಿತು.

ಹಾಗಾದರೆ ಕಾಯ್ತಾ ಇರೋದು ಯಾರಿಗೆ?

ಮಂಗಳೂರಲ್ಲಿ ಜ್ಯೋತಿ ಟಾಕೀಸ್ ಹೋಯ್ತು, ಆದರೆ ಬಸ್ಸಿನಲ್ಲಿ ಈಗಲೂ 'ಜ್ಯೋತಿ, ಜ್ಯೋತಿ' ಅಂತಲೇ ಕೂಗೋದು. ನಮಗೆ ತೊಂದರೆ ಇಲ್ಲ, ಇಳೀಬೇಕಾದ ಜಾಗ ಗೊತ್ತು. ಕಂಪ್ಯೂಟರ್‌ಗೆ ಅದು ಗೊತ್ತಾಗೋದಿಲ್ಲ ಅಲ್ವಾ, ಅದು ಟಾಕೀಸಿನ ಬಾಗಿಲು ತೆರೀಲಿ ಅಂತ ಕಾಯುತ್ತಾ ನಿಲ್ಲುತ್ತೆ. ಡೈರೆಕ್ಟರಿ ದಾಟಿಸಿದ ಮೇಲೆ ಬರುವ ನಿಧಾನದಲ್ಲಿ ಮುಕ್ಕಾಲು ಪಾಲು ಇದೇ. ಹಳೇ ಸರ್ವರ್ ಹೋಗಿರುತ್ತೆ, ಅದರ ಹೆಸರು ಹತ್ತು ಕಡೆ ಉಳಿದಿರುತ್ತೆ.

ಮೊದಲು ನೋಡಬೇಕಾದ್ದು ಡಿಎನ್‌ಎಸ್, ಅಂದರೆ ಹೆಸರು ಕೊಟ್ಟರೆ ವಿಳಾಸ ಹೇಳುವ ವ್ಯವಸ್ಥೆ. ಡೊಮೈನ್ ಕಂಟ್ರೋಲರ್ (ಡೈರೆಕ್ಟರಿ ಇಟ್ಟುಕೊಂಡು ಲಾಗಿನ್ ನೋಡಿಕೊಳ್ಳುವ ಸರ್ವರ್) ಎಲ್ಲಿದೆ ಅಂತ ಕಂಪ್ಯೂಟರ್ ಕೇಳೋದೇ ಅಲ್ಲಿ. ಇಲ್ಲಿ ಹಳೇ ಸರ್ವರ್ರೇ ಡಿಎನ್‌ಎಸ್ ಕೂಡ ಆಗಿತ್ತು. ಕಂಪ್ಯೂಟರ್‌ಗಳಿಗೆ ನೆಟ್‌ವರ್ಕ್ ಸೆಟ್ಟಿಂಗ್ ಹಂಚುವ ಡಿಎಚ್‌ಸಿಪಿ ಈಗಲೂ ಮೊದಲ ಡಿಎನ್‌ಎಸ್ ವಿಳಾಸ ಅಂತ ಅದರದ್ದನ್ನೇ ಹಂಚುತ್ತಿತ್ತು, ಹೊಸದು ಎರಡನೇ ಸಾಲಿನಲ್ಲಿ. ಹುಡುಗನಿಗೆ ಎರಡೂ ಇದ್ದರೆ ಸೇಫ್ ಅಂತ ಅನಿಸಿತ್ತು. ಮೊದಲನೆಯದು ಸುಮ್ನೆ ಕೂತರೆ ವಿಂಡೋಸ್ ಸ್ವಲ್ಪ ಹೊತ್ತು ಕಾದು ಎರಡನೆಯದಕ್ಕೆ ಹೋಗುತ್ತೆ, ಮತ್ತು ಒಂದು ಲಾಗಿನ್‌ಗೆ ಕೇಳೋ ಪ್ರಶ್ನೆ ಒಂದಲ್ಲ, ಹತ್ತಾರು. ಕುಂದಾಪುರ ಶಾಖೆಯಲ್ಲಿ ಇನ್ನೂ ಚಂದ. ಅಲ್ಲಿ ಮೊದಲ ಸಾಲಿನಲ್ಲಿ ಗೂಗಲ್‌ನ 8.8.8.8. ಎರಡು ಡಿಎನ್‌ಎಸ್ ಕೊಟ್ಟರೆ ಒಂದಕ್ಕೆ ಗೊತ್ತಿಲ್ಲದ್ದನ್ನು ಇನ್ನೊಂದಕ್ಕೆ ಕೇಳುತ್ತೆ ಅಂತ ತುಂಬ ಜನ ನಂಬಿದ್ದಾರೆ. ಹಾಗಿಲ್ಲ. 'ಅಂಥ ಹೆಸರೇ ಇಲ್ಲ' ಅನ್ನೋದೂ ಒಂದು ಉತ್ತರವೇ, ಅದು ಬಂದ ಮೇಲೆ ವಿಂಡೋಸ್ ಎರಡನೆಯವರ ಮನೆ ಬಾಗಿಲು ತಟ್ಟೋದಿಲ್ಲ. ನಿಮ್ಮ ಒಳಗಿನ ಡೊಮೈನ್ ಹೆಸರು ಗೂಗಲ್‌ಗೆ ಎಲ್ಲಿಂದ ಗೊತ್ತಾಗಬೇಕು? ಡೊಮೈನ್‌ಗೆ ಸೇರಿದ ಕಂಪ್ಯೂಟರ್‌ಗೆ ಒಳಗಿನ ಡಿಎನ್‌ಎಸ್ ಮಾತ್ರ ಕೊಡಿ. ಹೊರಗಿನದ್ದನ್ನು ಕೇಳೋ ಕೆಲಸ ಆ ಸರ್ವರ್‌ನ ಫಾರ್ವರ್ಡರ್ ನೋಡಿಕೊಳ್ಳುತ್ತೆ.

ಡಿಎಚ್‌ಸಿಪಿ ಸರಿ ಮಾಡಿದೆ. ಎರಡು ಮುಕ್ಕಾಲು ನಿಮಿಷ ಇದ್ದದ್ದು ಒಂದೂವರೆಗೆ ಇಳಿಯಿತು. ಎಲ್ಲರಿಗೂ ಖುಷಿ. ನನಗೆ ಇಲ್ಲ.

ಇಲ್ಲಿಂದ ಮುಂದೆ ಊಹೆ ಮಾಡೋದಕ್ಕಿಂತ ಲಾಗ್ ಓದೋದು ಒಳ್ಳೆಯದು. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಗ್ರೂಪ್ ಪಾಲಿಸಿಯ (ಡೊಮೈನ್‌ನಿಂದ ಎಲ್ಲ ಕಂಪ್ಯೂಟರ್‌ಗೂ ಬರುವ ಸೆಟ್ಟಿಂಗ್‌ಗಳ) ಆಪರೇಷನಲ್ ಲಾಗ್ ಅಂತ ಒಂದಿದೆ, ಅದನ್ನು ತೆರೆದು ನೋಡಿದವರು ಕಡಿಮೆ. 8001 ಅನ್ನೋ ಸಂಖ್ಯೆಯ ಸಾಲು ಆ ಬಳಕೆದಾರರ ಪಾಲಿಸಿ ಮುಗಿಯಲು ಒಟ್ಟು ಎಷ್ಟು ಸೆಕೆಂಡ್ ಹಿಡಿಯಿತು ಅಂತ ಹೇಳುತ್ತೆ. 5016ರ ಸಾಲುಗಳು ಒಂದೊಂದು ಭಾಗಕ್ಕೂ ಮಿಲಿಸೆಕೆಂಡ್ ಲೆಕ್ಕ ಕೊಡುತ್ತವೆ. ನಮ್ಮಲ್ಲಿ ಡ್ರೈವ್ ಮ್ಯಾಪ್ ಮಾಡುವ, ಅಂದರೆ ಸರ್ವರ್‌ನ ಫೋಲ್ಡರನ್ನು ಡ್ರೈವ್ ಆಗಿ ತೋರಿಸುವ ಭಾಗ ಒಂದೇ ನಲವತ್ತು ಸೆಕೆಂಡ್ ನುಂಗಿತ್ತು. ತೆರೆದು ನೋಡಿದರೆ ಎಚ್ ಡ್ರೈವ್, ಎಸ್ ಡ್ರೈವ್ ಎರಡೂ ಹಳೇ ಸರ್ವರ್ ಹೆಸರಲ್ಲೇ ಇವೆ. ಪ್ರಿಂಟರ್ ಕೂಡ. ಲಾಗಿನ್ ಆದಾಗ ತಾನೇ ಓಡುವ ಯಾವುದೋ ಕಾಲದ ಒಂದು ಸ್ಕ್ರಿಪ್ಟ್‌ನಲ್ಲೂ ಅದೇ ಹೆಸರು. ಸ್ಕ್ರಿಪ್ಟ್ ವಿಷಯದಲ್ಲಿ ಜಾಗ್ರತೆ, ಅದು ಎಲ್ಲೋ ಸಿಕ್ಕಿಕೊಂಡು, ಮುಗಿಯುವವರೆಗೆ ಕಾಯಬೇಕು ಅಂತಲೂ ಸೆಟ್ ಆಗಿದ್ದರೆ ವಿಂಡೋಸ್ 600 ಸೆಕೆಂಡ್, ಅಂದರೆ ಹತ್ತು ನಿಮಿಷ ಕಾಯಬಲ್ಲದು. ಹೊಸ ಸರ್ವರ್‌ಗೆ ಹಳೇ ಹೆಸರನ್ನೇ ಅಡ್ಡಹೆಸರಾಗಿ ಕೊಟ್ಟುಬಿಡೋಣ ಅಂದ ಹುಡುಗ. ಕೊಡಬಹುದು, ಆದರೆ ಆ ಹೆಸರು ಇನ್ನು ಹತ್ತು ವರ್ಷ ಅಲ್ಲೇ ಇರುತ್ತೆ. ನನಗೆ ಇಷ್ಟ ಇಲ್ಲ.

ಇನ್ನೊಂದು ಕಡೆ ಅವನು ಅವಸರ ಮಾಡಿದ್ದ. ಡೈರೆಕ್ಟರಿಯ ಜವಾಬ್ದಾರಿಗಳನ್ನೆಲ್ಲ (ರೋಲ್) ಹೊಸದಕ್ಕೆ ಸರಿಯಾಗಿಯೇ ದಾಟಿಸಿದ್ದ, ಹಳೇದನ್ನು ಮಾತ್ರ ಡಿಮೋಟ್ ಮಾಡದೆ, ಅಂದರೆ ಡೊಮೈನ್ ಕಂಟ್ರೋಲರ್ ಕೆಲಸದಿಂದ ಸರಿಯಾಗಿ ಬಿಡಿಸದೆ, ಸ್ವಿಚ್ ಆಫ್ ಮಾಡಿ ಮೂಲೆಗಿಟ್ಟಿದ್ದ. ಡೈರೆಕ್ಟರಿಯ ಲೆಕ್ಕದಲ್ಲಿ ಅದಿನ್ನೂ ಜೀವಂತ. ಡೊಮೈನ್ ಹೆಸರನ್ನು ಡಿಎನ್‌ಎಸ್‌ನಲ್ಲಿ ಹುಡುಕಿದರೆ ಅದರ ಐಪಿಯೂ ಬರುತ್ತಿತ್ತು. ಪಾಲಿಸಿ ಫೈಲ್‌ಗಳಿರೋದು ಡೊಮೈನ್ ಹೆಸರಿನಡಿ ಸಿಸ್‌ವಾಲ್ ಅನ್ನೋ ಹಂಚಿಕೆಯಲ್ಲಿ, ಹಾಗಾಗಿ ಕೆಲವೊಮ್ಮೆ ಕಂಪ್ಯೂಟರ್ ಸತ್ತ ಸರ್ವರ್‌ನ, ಫೈಲ್ ಹಂಚಿಕೆಯ 445ನೇ ಪೋರ್ಟಿಗೆ ಹೋಗಿ, ಇಪ್ಪತ್ತು ಸೆಕೆಂಡ್ ಹತ್ತಿರ ನಿಂತು ವಾಪಸ್ ಬರುತ್ತಿತ್ತು. 'ಒಂದು ದಿನ ಸರಿ, ಒಂದು ದಿನ ಇಲ್ಲ' ಅನ್ನೋ ದೂರು ಬಂದರೆ ಇಲ್ಲಿ ಹುಡುಕಿ. ಸರ್ವರ್ 2008ರಿಂದೀಚೆಗೆ ಆ ಡೊಮೈನ್ ಕಂಟ್ರೋಲರ್‌ನ ಖಾತೆಯನ್ನು ಅಳಿಸಿದರೆ ಡೈರೆಕ್ಟರಿಯಲ್ಲಿ ಅದರ ಬಗ್ಗೆ ಉಳಿದ ದಾಖಲೆ (ಮೆಟಾಡೇಟಾ) ತಾನೇ ಸ್ವಚ್ಛವಾಗುತ್ತೆ. ಡಿಎನ್‌ಎಸ್‌ನಲ್ಲಿ ಉಳಿದ ಸಾಲುಗಳನ್ನು ಮಾತ್ರ ಕಣ್ಣಿಂದ ನೋಡಿಯೇ ತೆಗೀಬೇಕು. ಕಂಪ್ಯೂಟರ್, ಸರ್ವರ್ ಗಡಿಯಾರಗಳನ್ನೂ ಒಮ್ಮೆ ನೋಡಿ, ಲಾಗಿನ್‌ನಲ್ಲಿ ಗುರುತು ಪರೀಕ್ಷಿಸುವ ಕರ್ಬೆರೋಸ್ ಮಾಮೂಲಿಗೆ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಸಹಿಸೋದಿಲ್ಲ.

ಮಂಗಳೂರು ಸರಿಯಾಯಿತು, ಇಪ್ಪತ್ತೈದು ಸೆಕೆಂಡ್. ಉಡುಪಿಯವರು ಬಿಡಲಿಲ್ಲ. "ನಮಗೆ ಎಂತ ಮಾಡಿದ್ರಿ?" ಅಲ್ಲಿ ಅವರದ್ದೇ ಒಂದು ಸಣ್ಣ ಡೊಮೈನ್ ಕಂಟ್ರೋಲರ್ ಇದೆ, ಆದರೂ ಯಾವ ಡೊಮೈನ್ ಕಂಟ್ರೋಲರ್‌ಗೆ ಹೋಗ್ತಿದೆ ಅಂತ ತೋರಿಸುವ ಎನ್‌ಎಲ್‌ಟೆಸ್ಟ್ ಕಮಾಂಡ್ ಹಾಕಿದರೆ ಎಲ್ಲರೂ ಶಾಖೆಗಳನ್ನು ಜೋಡಿಸುವ ವಿಪಿಎನ್ ಮೇಲೆ ಮಂಗಳೂರಿಗೆ ಬರ್ತಿದ್ದಾರೆ. ಶಾಖೆಗೆ ಹೊಸ ಐಪಿ ಸಾಲು ಕೊಟ್ಟಿದ್ದರು, ಅದನ್ನು ಯಾವ ಐಪಿ ಯಾವ ಊರಿನದ್ದು ಅಂತ ಬರೆದಿಡುವ ಸೈಟ್ಸ್ ಮತ್ತು ಸರ್ವಿಸಸ್‌ನಲ್ಲಿ ಉಡುಪಿಗೆ ಸೇರಿಸಿರಲಿಲ್ಲ. ಸರ್ವರ್‌ನ ಲಾಗ್‌ನಲ್ಲಿ ಇದರದ್ದೇ 5807 ಅಂತ ಎಚ್ಚರಿಕೆ ಬಂದು ಬಿದ್ದಿತ್ತು, ಯಾರೂ ನೋಡಿರಲಿಲ್ಲ. ಎರಡು ನಿಮಿಷದ ಕೆಲಸ.

ಕೊನೆಗೆ ಉಳಿದದ್ದು ಉಡುಪಿಯ ಕ್ಯಾಶ್ ಕೌಂಟರಿನ ಒಂದೇ ಒಂದು ಕಂಪ್ಯೂಟರ್. ಏನು ಮಾಡಿದರೂ ಅದು ಮಾತ್ರ ನಿಧಾನ. ಅಲ್ಲಿಗೇ ಹೋಗಿ ನೋಡಿದರೆ ಡಿಎನ್‌ಎಸ್ ಕೈಯಲ್ಲಿ ಟೈಪ್ ಮಾಡಿಟ್ಟದ್ದು, ಹಳೇ ಸರ್ವರ್ ವಿಳಾಸ. ಕ್ಯಾಬಿನೆಟ್ ಮೇಲೊಂದು ಚೀಟಿ ಅಂಟಿಸಿತ್ತು, 'ಐಪಿ ಸೆಟ್ಟಿಂಗ್ ಮುಟ್ಟಬೇಡಿ' ಅಂತ. ಅಕ್ಷರ ನನ್ನದೇ. ಕ್ಯಾಶಿಯರ್ ಅಕ್ಕ ನಗುತ್ತಾ ಇದ್ದರು, ನಾನು ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡೆ.