ಹಿಮಗಾಲದಲ್ಲೂ ಹೊರಗಿರಬಲ್ಲ ಸಕ್ಯುಲೆಂಟ್‌ಗಳು

ಅಕ್ಟೋಬರ್ ಬಂತೆಂದರೆ ಶಿಕಾಗೋ ಸುತ್ತಲಿನ ಕನ್ನಡದ ಮನೆಗಳವರು ನರ್ಸರಿಗೆ ಬಂದು ಕೇಳುವುದು ಒಂದೇ: "ಸಕ್ಯುಲೆಂಟ್ ಎಲ್ಲಾ ಒಳಗೆ ತರಬೇಕಾ?" ಸಕ್ಯುಲೆಂಟ್ ಅಂದರೆ ದಪ್ಪ ಎಲೆ, ಕಾಂಡದಲ್ಲಿ ನೀರು ತುಂಬಿಟ್ಟುಕೊಳ್ಳುವ ಗಿಡ. ಲೋಳೆಸರ, ಜೇಡ್, ಎಚೆವೇರಿಯಾ ಇದ್ದರೆ ಖಂಡಿತ ತನ್ನಿ. ಸೆಂಪರ್‌ವೈವಮ್ ಮಾತ್ರ ಹೊರಗೇ ಇರಲಿ. ಅದು ಆಲ್ಪ್ಸ್ ಬೆಟ್ಟದ ಬಂಡೆ ಸಂದಿಯ ಗಿಡ. ಈಸ್ಟರ್ನ್ ಪ್ರಿಕ್ಲಿ ಪೇರ್ ಎಂಬ ಪಾಪಸ್ ಕಳ್ಳಿಯಂತೂ ಇಲಿನಾಯ್‌ನ ಮರಳು ನೆಲದಲ್ಲಿ ತಾನಾಗಿಯೇ ಬೆಳೆಯುತ್ತದೆ. 2019ರ ಜನವರಿ 30ರಂದು ಶಿಕಾಗೋದ ಓಹೇರ್ ವಿಮಾನ ನಿಲ್ದಾಣದಲ್ಲಿ ಉಷ್ಣಾಂಶ ಮೈನಸ್ 30 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಿತ್ತು. ನೀರು ನಿಲ್ಲದ ಪಾತಿಯಲ್ಲಿದ್ದ ಇಂಥ ಗಿಡಗಳು ಆಮೇಲೂ ಚಿಗುರಿದವು.

ಹೇಗೆ? ಹಗಲು ಚಿಕ್ಕದಾಗಿ ಚಳಿ ಏರುತ್ತಿದ್ದಂತೆ ಗಿಡ ತನ್ನೊಳಗಿನ ನೀರನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಉಳಿದ ರಸದಲ್ಲಿ ಸಕ್ಕರೆ ಅಂಶ ಜಾಸ್ತಿಯಾಗುತ್ತದೆ, ಅದು ಬೇಗ ಹೆಪ್ಪುಗಟ್ಟುವುದಿಲ್ಲ. ಮಂಜುಗಡ್ಡೆ ಕಟ್ಟಿದರೂ ಜೀವಕೋಶದ ಒಳಗಲ್ಲ, ಕೋಶಗಳ ನಡುವೆ ಕಟ್ಟುತ್ತದೆ. ಹಾಗಾಗಿ ಕಳ್ಳಿ ಸುಕ್ಕಾಗಿ ನೆಲಕ್ಕೆ ಒರಗುತ್ತದೆ. ಸೆಂಪರ್‌ವೈವಮ್ ಎಲೆ ಮುಚ್ಚಿಕೊಂಡು ಕೆಂಪಾಗುತ್ತದೆ. ನೋಡಿದವರಿಗೆ ಅಯ್ಯೋ ಅನ್ನಿಸುತ್ತದೆ, ನೀರು ಹಾಕಿಬಿಡುತ್ತಾರೆ. ಅಷ್ಟು ಕಷ್ಟಪಟ್ಟು ಒಣಗಿಕೊಂಡ ಗಿಡಕ್ಕೆ ಇದಕ್ಕಿಂತ ಕೆಟ್ಟದ್ದಿಲ್ಲ. ದಯವಿಟ್ಟು ಸುಮ್ನೆ ಬಿಡಿ.

ಈ ಊರಿನ ಜೇಡಿಮಣ್ಣು ನೀರನ್ನು ಹಿಡಿದಿಡುತ್ತದೆ, ಬೇರು ಕೊಳೆಯುವುದು ಅಲ್ಲೇ. ಸಣ್ಣ ದಿಬ್ಬ ಮಾಡಿ, ಮಣ್ಣಿಗೆ ಅರ್ಧದಷ್ಟು ಸಣ್ಣ ಜಲ್ಲಿ ಬೆರೆಸಿ, ಗಿಡದ ಬುಡಕ್ಕೂ ಜಲ್ಲಿ ಹಾಸಿ. ಈ ಕೆಲಸ ಬೇಸಿಗೆಯಲ್ಲೇ ಮುಗಿಯಬೇಕು. ಮರದಿಂದ ಉದುರಿ ಗಿಡದ ಮೇಲೆ ಕೂತ ಎಲೆಗಳನ್ನು ತೆಗೆಯಿರಿ. ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೆ ತೇವ ಕಟ್ಟುತ್ತದೆ. ಬಿದ್ದ ಹಿಮ ಹಾಗೇ ಇರಲಿ, ಅದು ಗಿಡಕ್ಕೆ ಕಂಬಳಿ. ಉಪ್ಪು ಹಾಕಿದ ರಸ್ತೆಯ ಹಿಮವನ್ನು ಮಾತ್ರ ಪಾತಿಗೆ ಎತ್ತಿ ಹಾಕಬೇಡಿ.

ಕುಂಡದ ಗಿಡಕ್ಕೆ ಕಷ್ಟ ಹೆಚ್ಚು, ಬೇರಿಗೆ ಎಲ್ಲಾ ಕಡೆಯಿಂದಲೂ ಚಳಿ ತಟ್ಟುತ್ತದೆ ಅಲ್ವಾ? ಮಳೆ ತಾಗದಂತೆ ಸೂರಿನ ಕೆಳಗಿಡಿ. ಮಣ್ಣಿನ ಕುಂಡ ನೀರು ಕುಡಿದು ಹೆಪ್ಪುಗಟ್ಟಿ ಒಡೆಯುತ್ತದೆ.

ಮಾರ್ಚ್‌ನಲ್ಲಿ ನೆಲ ಕರಗಿ ಮತ್ತೆ ಹೆಪ್ಪುಗಟ್ಟುವಾಗ ಗಿಡಗಳು ಮೇಲಕ್ಕೆದ್ದಿರುತ್ತವೆ. ಕೈಯಲ್ಲಿ ಮೆಲ್ಲಗೆ ಒತ್ತಿ ಕೂರಿಸಿ. ಸುಕ್ಕಾದ ಕಳ್ಳಿಯನ್ನು ಕಿತ್ತೆಸೆಯುವ ಮೊದಲು ಮೇ ತಿಂಗಳವರೆಗೆ ಕಾಯಿರಿ. ಕಪ್ಪಾಗಿ ಮೆತ್ತಗಾಗಿದ್ದರೆ ಆ ಭಾಗ ಕತ್ತರಿಸಿ. ಗಟ್ಟಿಯಾಗಿದ್ದರೆ ಜೀವ ಇದೆ, ಇನ್ನಷ್ಟು ಬಿಸಿಲು ಬಿದ್ದರೆ ತುಂಬಿಕೊಳ್ಳುತ್ತದೆ.