412 ಮತ್ತು 512: ಫೆರಾರಿ ಹೆಸರಿನ ಅಂಕಿಗಳನ್ನು ಓದುವ ಬಗೆ

ಫೆರಾರಿ 412, ಫೆರಾರಿ 512 ಬಿಬಿ: ಎರಡರ ಎಂಜಿನ್ನೂ 4943 ಸಿಸಿ (ಘನ ಸೆಂಟಿಮೀಟರ್). ಎರಡರಲ್ಲೂ 12 ಸಿಲಿಂಡರ್, ಬೋರ್ (ಸಿಲಿಂಡರಿನ ಒಳವ್ಯಾಸ) 82 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 78 ಮಿ.ಮೀ. ಹೆಸರಿನ ಅಂಕಿ ಮಾತ್ರ ಬೇರೆ, ಯಾಕೆಂದರೆ ಕಂಪನಿ ಹೆಸರಿಡಲು ಎರಡು ಲೆಕ್ಕ ಬಳಸುತ್ತಿತ್ತು.

1947ರ 125 ಎಸ್‌ನಿಂದ ಬಂದದ್ದು ಹಳೆಯ ಲೆಕ್ಕ: ಅಂಕಿ ಅಂದರೆ ಒಂದು ಸಿಲಿಂಡರಿನ ಸಿಸಿ. 250 ಜಿಟಿಒದಲ್ಲಿ ಬೋರ್ 73, ಸ್ಟ್ರೋಕ್ 58.8 ಮಿ.ಮೀ. ಸೆಂಟಿಮೀಟರಿಗೆ ಇಳಿಸಿ ಮಾಡಿ ನೋಡಿ: 0.7854 (ಪೈಯ ಕಾಲು ಭಾಗ) × 7.3 × 7.3 × 5.88, ಸುಮಾರು 246. ಹನ್ನೆರಡಕ್ಕೆ 2953 ಸಿಸಿ. 250 ಅನ್ನುವುದು ದುಂಡು ಮಾಡಿದ ಅಂಕಿ. ನೇರವಾಗಿ ಗುಣಿಸಿ 3000 ಎಂದು ಬರೆದುಬಿಡಬೇಡಿ.

ಇನ್ನೊಂದು ಲೆಕ್ಕದಲ್ಲಿ ಮೊದಲು ಲೀಟರ್, ಆಮೇಲೆ ಸಿಲಿಂಡರ್. ಡಿನೋ 246 ಅಂದರೆ 2.4 ಲೀಟರ್, 6 ಸಿಲಿಂಡರ್. 308 ಅಂದರೆ 3 ಲೀಟರ್, 8 ಸಿಲಿಂಡರ್. ನಿಜದಲ್ಲಿ 2926 ಸಿಸಿ. 1973ರ 365 ಜಿಟಿ4 ಬಿಬಿ ಹಳೆಯ ಲೆಕ್ಕದ್ದು (4390 ಸಿಸಿ). 1976ರಲ್ಲಿ ಅದರ ಜಾಗಕ್ಕೆ ದೊಡ್ಡ ಎಂಜಿನ್ನಿನ 512 ಬಿಬಿ ಬಂದಾಗ ಲೆಕ್ಕವೂ ಬದಲಾಯಿತು: 5 ಲೀಟರ್, 12 ಸಿಲಿಂಡರ್. 1985ರ 412 ಮತ್ತೆ ಹಳೆಯ ದಾರಿಗೇ ಹೋಯಿತು.

ಕೊನೆಯ ಅಂಕಿ ನೋಡಿ ತೀರ್ಮಾನಿಸುವವರು ಎಡವುವುದು ಇಲ್ಲೇ. 412ನ್ನು ‘4 ಲೀಟರ್, 12 ಸಿಲಿಂಡರ್’ ಎಂದು ಓದಿದರೆ ಹೆಚ್ಚುಕಡಿಮೆ ಒಂದು ಲೀಟರ್ ತಪ್ಪುತ್ತದೆ. 212 ಇಂಟರ್ ಕೂಡ ಹಳೆಯ ಲೆಕ್ಕದ್ದೇ. 166 ಕೊನೆಗೆ 6 ಇದ್ದರೂ ವಿ12, ಅಂದರೆ ವಿ ಆಕಾರದಲ್ಲಿ ಜೋಡಿಸಿದ 12 ಸಿಲಿಂಡರ್. ಗುಣಾಕಾರವೊಂದನ್ನೇ ನಂಬಿದರೂ ಕಷ್ಟ: 246ನ್ನು 12ರಿಂದ ಗುಣಿಸಿದರೆ 2952, ಥೇಟ್ 250ರ ಎಂಜಿನ್! ಡಿನೋ 246ರದ್ದು 2419 ಸಿಸಿ. ಆದ್ದರಿಂದ ಮೊದಲು ಸಿಲಿಂಡರ್ ಸಂಖ್ಯೆ ಖಚಿತ ಮಾಡಿಕೊಳ್ಳಿ, ಆಮೇಲೆ ಎರಡೂ ಲೆಕ್ಕ ಹಾಕಿ ನಿಜವಾದ ಸಿಸಿಗೆ ಯಾವುದು ಹತ್ತಿರವೋ ಅದನ್ನು ಹಿಡಿಯಿರಿ.

ಎರಡಕ್ಕೂ ಸಿಗದವೂ ಇವೆ. 500 ಸೂಪರ್‌ಫಾಸ್ಟ್‌ನ 500 ಇಡೀ ಎಂಜಿನ್ನಿನದು, 5 ಲೀಟರ್ (4963 ಸಿಸಿ). 1987ರ ಎಫ್40ಯಲ್ಲಿ ಎಂಜಿನ್ನಿನ ಮಾತೇ ಇಲ್ಲ, ಅದು ಕಂಪನಿಯ 40 ವರ್ಷದ ಗುರುತು.

ಅಕ್ಷರಗಳು ಸುಲಭ. ಜಿಟಿಬಿಯ ‘ಬಿ’ ಬೆರ್ಲಿನೆಟ್ಟಾ, ಮುಚ್ಚಿದ ಕಾರು. ಜಿಟಿಎಸ್‌ನ ‘ಎಸ್’ ಸ್ಪೈಡರ್, ಅಂದರೆ ತೆರೆದ ಕಾರು. ಆದರೂ 308 ಜಿಟಿಎಸ್‌ನಲ್ಲಿ ಕಳಚಿಬರುವುದು ಛಾವಣಿಯ ಒಂದು ಫಲಕ ಮಾತ್ರ. ಗಮನ ಬೇಕಾದದ್ದು ‘4’ಕ್ಕೆ. 275 ಜಿಟಿಬಿ/4ರಲ್ಲಿ ಅದು ನಾಲ್ಕು ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಯುವ ದಂಡ), ವಿಯ ಪ್ರತಿ ಬದಿಗೆ ಎರಡು. ಬರೀ 275 ಜಿಟಿಬಿಯಲ್ಲಿ ಬದಿಗೊಂದೇ. ಕ್ಯಾಮ್ ಭಾಗ ತರಿಸುವಾಗ ‘/4’ ಬಿಟ್ಟು ಬರೆದರೆ ಬೇರೆ ಹೆಡ್ಡಿನ (ಸಿಲಿಂಡರ್ ಮೇಲಿನ ಮುಚ್ಚಳ) ಭಾಗ ಬಂದೀತು. 308 ಕ್ವಾಟ್ರೊವಾಲ್ವೊಲೆಯ ನಾಲ್ಕು ಬೇರೆಯದೇ: ಸಿಲಿಂಡರಿಗೆ ನಾಲ್ಕು ವಾಲ್ವ್, ಒಟ್ಟು 32.